ಹೆಡ್ಡಿನೊಳಗೆ ಮುರಿದ ಸ್ಟಡ್: ತೂತು ಜಾಗ ಬಿಡದ ಹಾಗೆ ತೆಗೆದದ್ದು

ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಐದು ನಿಮಿಷ ಓಡಿ ಕಾದ ಮೇಲೆ ನಿಶ್ಶಬ್ದ. ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸದ್ದು ಎಂದುಕೊಂಡು ಎರಡು ಸಲ ಟ್ಯಾಪೆಟ್ ಸೆಟ್ ಮಾಡಿಸಿಯಾಗಿತ್ತು. ಕುಂದಾಪುರದ ಕಡೆಯ ಗಾಡಿ, ಮೂರು ಸಿಲಿಂಡರಿನ ಹಳೇ ಸಣ್ಣ ಪೆಟ್ರೋಲ್ ಕಾರು; ಬ್ಲಾಕ್ ಬೀಡಿನದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಬೀಡಿನ ಕವಲು) ಮೇಲಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟಾಗ ಮೂರನೇ ಸಿಲಿಂಡರಿನ ತುದಿಯಲ್ಲಿ ಹೆಡ್ಡಿನ ಮೇಲೆ ಬೀಸಣಿಗೆಯ ಆಕಾರದಲ್ಲಿ ಮಸಿ ಹರಡಿತ್ತು. ಅಲ್ಲಿರಬೇಕಾದ ನಟ್ಟೇ ಇಲ್ಲ, ಅದು ಕೂತಿದ್ದ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟ್) ಮುರಿದು ಹೋಗಿ ಹೊಗೆ ಸೋರುತ್ತಿದೆ. ಕಾದಾಗ ಮ್ಯಾನಿಫೋಲ್ಡಿನ ಬೀಡು ಹಿಗ್ಗಿ ಆ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುತ್ತದೆ. ಟ್ಯಾಪೆಟ್ ಸದ್ದು ಹೀಗೆ ಪೂರ್ತಿ ಮಾಯವಾಗುವುದಿಲ್ಲ.

ಉಳಿದ ನಟ್ಟುಗಳನ್ನು ಬಿಚ್ಚುವಾಗ ಇನ್ನೊಂದು ಸ್ಟಡ್ ಮುರಿದರೆ ಕೆಲಸ ಎರಡರಷ್ಟು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಸ್ಟಡ್ಡಿನ ತುದಿಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು. ಆಮೇಲೆ ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಕಾಯಿಸಿ, ಉರಿ ತೆಗೆದ ಕೂಡಲೇ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಹೀರಿಕೊಳ್ಳುತ್ತದೆ. ಸ್ಪ್ಯಾನರನ್ನು ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ನಂತರ ಬಿಚ್ಚುವ ಕಡೆಗೆ. ಒಂದೇ ದಿಕ್ಕಿಗೆ ಎಳೆಯುತ್ತಾ ಹೋದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲೇ ಸಿಕ್ಕಿ ಸ್ಟಡ್ ತಿರುಚಿಕೊಳ್ಳುತ್ತದೆ.

ಇಷ್ಟಾದರೂ ಒಂದು ಎಡವಟ್ಟಾಯಿತು. ಮುರಿದದ್ದರ ಪಕ್ಕದ ಸ್ಟಡ್ಡಿನಿಂದ ನಟ್ಟು ಬಿಡಲಿಲ್ಲ, ಸ್ಟಡ್ಡೇ ಹೆಡ್ಡಿನಿಂದ ತಿರುಗಿಕೊಂಡು ಬಂತು. ಬಂದದ್ದು ಬರಿಗೈಯಲ್ಲಲ್ಲ, ಅಲ್ಯೂಮಿನಿಯಂ ಥ್ರೆಡ್ಡನ್ನೂ ಸುರುಳಿಯಾಗಿ ಮೈಗೆ ಸುತ್ತಿಕೊಂಡೇ ಬಂತು. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ಉಪ್ಪುನೀರು ಕಂಡರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಮ್ಮೇ. ಅದರಿಂದಾಗುವ ಬಿಳಿ ಪುಡಿ ಥ್ರೆಡ್ಡಿನ ಸಂದಿನಲ್ಲಿ ಉಬ್ಬಿ ಸಿಮೆಂಟಿನಂತೆ ಹಿಡಿಯುತ್ತದೆ. ಇಲ್ಲಿ ಕಾಯಿಸಬೇಕಾದದ್ದು ನಟ್ಟನ್ನಲ್ಲ, ಹೆಡ್ಡನ್ನು. ಉಕ್ಕಿಗಿಂತ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತದೆ. 8 ಮಿ.ಮೀ. ಸ್ಟಡ್ಡಿನ ಸುತ್ತ ಬಿಸಿ 120 ಡಿಗ್ರಿ ಏರಿದರೆ ಸಿಗುವ ಸಡಿಲ ಮಿಲಿಮೀಟರಿನ ನೂರನೇ ಒಂದು ಭಾಗ. ಕೇಳುವುದಕ್ಕೆ ಏನೂ ಅಲ್ಲ, ಆದರೆ ಆ ಪುಡಿಯ ಹಿಡಿತ ಬಿಡಿಸಲು ಅಷ್ಟು ಸಾಕು. ಹಾಟ್ ಏರ್ ಗನ್ ಆದರೆ ಚೆನ್ನ. ಉರಿಯಿಂದಲೇ ಕಾಯಿಸುವುದಾದರೆ ನೆನಪಿರಲಿ, ಅಲ್ಯೂಮಿನಿಯಂ ಕರಗುವ ಮುಂಚೆ ಕೆಂಪಾಗಿ ಸುಳಿವು ಕೊಡುವುದಿಲ್ಲ. ನೀರು ಚಿಮುಕಿಸಿದಾಗ ಚುಂಯ್ ಎಂದು ಹಾರಿದರೆ ಸಾಕು, ಅಲ್ಲಿಗೆ ನಿಲ್ಲಿಸಿ.

ಹೀಗೆ ಕೈಯಲ್ಲಿ ಎರಡು ಬೇರೆ ಬೇರೆ ಕೆಲಸ. ಒಂದು ತೂತಿನಲ್ಲಿ ಸ್ಟಡ್ ಇದೆ, ಥ್ರೆಡ್ ಚೆನ್ನಾಗಿದೆ. ಇನ್ನೊಂದರಲ್ಲಿ ಸ್ಟಡ್ ಬಂದಿದೆ, ಥ್ರೆಡ್ ಇಲ್ಲ.

ಮುರಿದ ಸ್ಟಡ್ಡಿನ ಮುಖ ನೋಡಿದರೆ ಚರಿತ್ರೆ ಗೊತ್ತಾಗುತ್ತದೆ. ಮುಕ್ಕಾಲು ಭಾಗ ಕಪ್ಪು ಕಂದು, ಕಾಲು ಭಾಗ ಮಾತ್ರ ಹೊಳಪು. ಅಂದರೆ ಬಿರುಕು ಎಂದೋ ಬಿದ್ದು ಒಳಗೊಳಗೇ ಬೆಳೆದು, ಕೊನೆಗೆ ಉಳಿದ ಕಾಲು ಭಾಗ ಒಂದು ದಿನ ಕೈಬಿಟ್ಟಿದೆ. ಬಿಗಿದು ಮುರಿದದ್ದಾಗಿದ್ದರೆ ಇಡೀ ಮುಖ ಒಂದೇ ಬಣ್ಣದಲ್ಲಿ ತಿರುಚಿದಂತೆ ಕಾಣುತ್ತಿತ್ತು. ಇದು ಅಲುಗಾಡಿ ಮುರಿದದ್ದು. ಯಾಕೆ ಅಲುಗಾಡಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಪಿಚ್ ಗೇಜು ಹಿಡಿದು ನೋಡಿದ್ದಾಯಿತು: ಎಂ8 (ಅಂದರೆ 8 ಮಿ.ಮೀ. ದಪ್ಪ), ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ದೂರ) 1.25. ಸ್ಟಡ್ ಮುರಿದಿದ್ದು ಹೆಡ್ಡಿನ ಮುಖದಿಂದ 4 ಮಿ.ಮೀ. ಒಳಗೆ. ಪಕ್ಕದಲ್ಲಿ ಬಂದ ಸ್ಟಡ್ಡಿನ ಅಳತೆ ನೋಡಿದರೆ ಒಳಗೆ ಇನ್ನೂ 12 ಮಿ.ಮೀ. ತುಂಡು ಇರಬೇಕು.

ಸ್ಟಡ್ ಮುಖದ ಸಮಕ್ಕೆ ಅಥವಾ ಹೊರಗೆ ಇದ್ದಿದ್ದರೆ ನಟ್ಟು ಇಟ್ಟು ವೆಲ್ಡ್ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ. ಆ ಬಿಸಿಗೆ ಸ್ಟಡ್ ಹಿಗ್ಗಿ ಕುಗ್ಗುವಾಗ ಹಿಡಿತವೂ ಬಿಡುತ್ತದೆ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಮಿಗ್ ವೆಲ್ಡಿಂಗಿನಿಂದ ನಟ್ಟಿನ ಒಳಗೆ ತುಂಬಿಸಿ, ಕೆಂಪು ಹೋಗುವವರೆಗೆ ಕಾದು, ಸಣ್ಣಗೆ ಹಿಂದೆ ಮುಂದೆ ಆಡಿಸಿದರೆ ಬರುತ್ತದೆ. ಒಮ್ಮೆಗೆ ಬಾರದಿದ್ದರೆ ಮೂರು ನಾಲ್ಕು ಸಲ ಮಾಡಬಹುದು. ಆದರೆ 4 ಮಿ.ಮೀ. ಆಳದಲ್ಲಿ, ಎಂಜಿನ್ ಗಾಡಿಯಲ್ಲೇ ಇರುವಾಗ, ಆರ್ಕ್ ಗೋಡೆಗೆ ಹಾರಿದರೆ ಚೆನ್ನಾಗಿರುವ ಥ್ರೆಡ್ಡೂ ಕರಗಿ ಹೋಗುತ್ತದೆ. ಬೇಡ ಎಂದು ತೀರ್ಮಾನಿಸಿದೆವು.

ಇನ್ನು ಈಜಿ ಔಟ್, ಅಂದರೆ ಮುರಿದ ತುಂಡಿಗೆ ತೂತು ಹೊಡೆದು ಅದರೊಳಗೆ ಕಚ್ಚಿಸಿ ಹಿಂದಕ್ಕೆ ತಿರುಗಿಸುವ ಸಾಧನ. ಹೆಸರಿನಲ್ಲಷ್ಟೇ ಈಜಿ. ತಿರುಚುವ ಬಲ ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ. 8 ಮಿ.ಮೀ. ಸ್ಟಡ್ಡಿನೊಳಗೆ 4 ಮಿ.ಮೀ. ಈಜಿ ಔಟ್ ಹಾಕಿದರೆ, ಲೋಹ ಒಂದೇ ಆಗಿದ್ದರೆ, ತಾಳುವುದು ಎಂಟನೇ ಒಂದು ಭಾಗ ಮಾತ್ರ. ಗಡುಸು ಉಕ್ಕಾದ್ದರಿಂದ ಸ್ವಲ್ಪ ಹೆಚ್ಚು ತಾಳಬಹುದು, ಆದರೆ ಬಾಗುವುದಿಲ್ಲ, ಪಟ್ ಎಂದು ಮುರಿಯುತ್ತದೆ. ಮೇಲಾಗಿ ಅದು ಆಪಿನಂತೆ ಒಳಹೊಕ್ಕು ಸ್ಟಡ್ಡನ್ನು ಗೋಡೆಗೆ ಇನ್ನಷ್ಟು ಒತ್ತುತ್ತದೆ. ಒಳಗೆ ಮುರಿದುಕೊಂಡರೆ ಎಚ್‌ಎಸ್‌ಎಸ್ ಡ್ರಿಲ್ ಅದರ ಮೇಲೆ ಜಾರುತ್ತದೆ, ಅಷ್ಟೇ. ಆಮೇಲೆ ಕಾರ್ಬೈಡ್ ಕಟ್ಟರ್, ಇಲ್ಲವೇ ಹೆಡ್ ಇಳಿಸಿ ಬೆಂಗಳೂರಿನ ಪೀಣ್ಯದಂಥ ಕಡೆ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವುದು) ಮಾಡುವವರ ಬಾಗಿಲು. ಸಡಿಲವಾಗಿದ್ದು ಮುರಿದ ಬೋಲ್ಟಿಗೆ ಮಾತ್ರ ಅದು ಸರಿ. ತುಕ್ಕು ಹಿಡಿದದ್ದಕ್ಕೆ ಡಬ್ಬಿಯಿಂದ ತೆಗೆಯಲೂಬಾರದು.

ಉಳಿದದ್ದು ಡ್ರಿಲ್ ಹೊಡೆಯುವುದು. ಡ್ರಿಲ್ ಹೊಡೆಯುವುದೇನೂ ಕಷ್ಟವಲ್ಲ, ನಡುವಿನಲ್ಲಿ ಮತ್ತು ನೇರವಾಗಿ ಹೊಡೆಯುವುದು ಕಷ್ಟ. ಮುರಿದ ಮುಖ ಎಂದೂ ಸಪಾಟಾಗಿರುವುದಿಲ್ಲ. ಸ್ಟಡ್ ಗಡುಸು, ಸುತ್ತಲಿನದು ಮೆದು. ಡ್ರಿಲ್ಲಿಗೆ ದಾರಿ ಬಿಟ್ಟರೆ ಅದು ಮೆದುವಿನ ಕಡೆಗೇ ಓಡುತ್ತದೆ. ಒಮ್ಮೆ ಓಡಿದರೆ ಮುಂದಿನ ಪ್ರತಿ ಡ್ರಿಲ್ಲೂ ಅದೇ ಹಾದಿ ಹಿಡಿಯುತ್ತದೆ, ಕೊನೆಗೆ ಅರ್ಧ ಸ್ಟಡ್ ಅರ್ಧ ಹೆಡ್ ಕೊರೆದ ತೂತು. ಮುರಿದ ಸ್ಟಡ್ಡಿನಿಂದ ಹೆಡ್ ಹಾಳಾದ ಗಾಡಿಗಳಿಗಿಂತ ಅದನ್ನು ತೆಗೆಯಲು ಹೋಗಿ ಹಾಳಾದವೇ ಹೆಚ್ಚು.

ಇಲ್ಲಿ ಒಂದು ಅನುಕೂಲ ಇತ್ತು. ಸ್ಟಡ್ಡಿನ ಮುಂದೆ 4 ಮಿ.ಮೀ., ಅಂದರೆ ಮೂರು ಸುತ್ತು ಒಳ್ಳೆಯ ಥ್ರೆಡ್ ಖಾಲಿ ಉಳಿದಿತ್ತು. ನಡು ಎಲ್ಲಿದೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಂದು ಉದ್ದದ ಎಂ8 ಬೋಲ್ಟ್ ತೆಗೆದುಕೊಂಡು ತಲೆ ಕತ್ತರಿಸಿ, ತುದಿಯನ್ನು ಸಪಾಟು ಮಾಡಿ, ಲೇತಿನಲ್ಲಿ ಹಿಡಿದು ನಟ್ಟನಡುವೆ ಉದ್ದಕ್ಕೂ 3 ಮಿ.ಮೀ. ತೂತು ಹೊಡೆಸಿದೆವು. ಇದು ಗೈಡ್. ಮ್ಯಾನಿಫೋಲ್ಡನ್ನು ಒಳ್ಳೆಯ ಸ್ಟಡ್ಡುಗಳಿಗೆ ಕೂರಿಸಿ, ಗೈಡನ್ನು ಮ್ಯಾನಿಫೋಲ್ಡಿನ ತೂತಿನ ಮೂಲಕ ತೂರಿಸಿ ಆ ಮೂರು ಥ್ರೆಡ್ಡಿಗೆ ಕೈಯಲ್ಲೇ ತಿರುಗಿಸಿದ್ದು. ಮೂರು ಥ್ರೆಡ್ ಹಿಡಿದರೂ ಬೋಲ್ಟ್ ಸ್ವಲ್ಪ ಓಲಾಡುತ್ತದೆ. ಅದಕ್ಕೆ ಹೊರಗಿನಿಂದ ಒಂದು ನಟ್ಟು ಹಾಕಿ ಮ್ಯಾನಿಫೋಲ್ಡಿನ ಕೊರೆದ ಮುಖಕ್ಕೆ ಬೆರಳಿನಲ್ಲಿ ಬಿಗಿದರೆ ನಟ್ಟಿನ ಮುಖವೇ ಗೈಡನ್ನು ನೇರ ನಿಲ್ಲಿಸುತ್ತದೆ. ಸ್ಪ್ಯಾನರ್ ಮುಟ್ಟಿಸಬೇಡಿ, ಮೂರೇ ಥ್ರೆಡ್ ಇರುವುದು. ಸ್ಟಡ್ ಮುಖಕ್ಕೆ ಸಮವಾಗಿ ಮುರಿದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಮ್ಯಾನಿಫೋಲ್ಡಿನ ತೂತಿಗೆ ಬಿಗಿಯಾಗಿ ಕೂರುವ ಬುಷ್ ತಿರುಗಿಸಬೇಕು. ಮ್ಯಾನಿಫೋಲ್ಡಿನ ತೂತು 9 ಮಿ.ಮೀ. ಹತ್ತಿರ ಇರುತ್ತದೆ, ಅರ್ಧ ಮಿ.ಮೀ. ಅತ್ತ ಇತ್ತ ಇರಬಹುದು. ಬುಷ್ಷಿನಲ್ಲಿ ಚೂಪು ಸರಳು ಬಿಟ್ಟು ಗುರುತು ಹೊಡೆದು, ತೆಗೆದು ನೋಡಿ, ನಡುವಿಗೆ ಬಿದ್ದಿದೆಯೇ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯುವುದು.

ಕೊರೆಯುವ ಮುಂಚೆ ಮೂರನೇ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಟಾಪಿಗೆ ತಂದು ನಿಲ್ಲಿಸಿದೆವು. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಪೋರ್ಟಿಗೆ ಬಿದ್ದ ಚೂರು ಸಿಲಿಂಡರಿಗೆ ಇಳಿಯುವುದಿಲ್ಲ. ಮ್ಯಾನಿಫೋಲ್ಡ್ ತೆಗೆದು ಕೆಲಸ ಮಾಡುವಾಗ ಪೋರ್ಟಿಗೆ ಗ್ರೀಸ್ ಸವರಿದ ಬಟ್ಟೆ ತುರುಕಬೇಕು, ಅದರ ತುದಿ ಹೊರಗೆ ಕಾಣುವಂತಿರಬೇಕು.

ಮೊದಲ ಡ್ರಿಲ್ 3 ಮಿ.ಮೀ., ಎಡಗೈ ಡ್ರಿಲ್, ಅಂದರೆ ಹಿಂದಕ್ಕೆ ತಿರುಗಿದಾಗ ಕೊರೆಯುವಂಥದ್ದು. ಬೆಂಗಳೂರಿನ ಎಸ್‌ಪಿ ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಇದರ ಲಾಭ ಏನೆಂದರೆ ಕೊರೆಯುವಾಗಲೇ ಡ್ರಿಲ್ ಕಚ್ಚಿಕೊಂಡರೆ ಸ್ಟಡ್ ಬಿಚ್ಚುವ ಕಡೆಗೆ ತಿರುಗುತ್ತದೆ. ನಿಮಿಷಕ್ಕೆ ಸಾವಿರದ ಆಸುಪಾಸಿನ ವೇಗ, ಪ್ರತಿ 2 ಮಿ.ಮೀ.ಗೆ ಹೊರಗೆ ತೆಗೆದು ಚೂರು ಒರೆಸಿ ಎಣ್ಣೆ. ಡ್ರಿಲ್ಲಿಗೆ ಆಳದ ಗುರುತಾಗಿ ಟೇಪ್ ಸುತ್ತಿರಬೇಕು. ಹೊರಬರುವ ಚೂರಿನ ಮೇಲೆ ಕಣ್ಣಿರಲಿ: ಗಡುಸು ಹೊಳಪಿನ ಸುರುಳಿ ಬರುವವರೆಗೆ ಉಕ್ಕು. ಬೆಳ್ಳಗೆ ಮೆತ್ತಗಿನ ಚೂರು ಬಂದರೆ ಒಂದೋ ಸ್ಟಡ್ ದಾಟಿದ್ದೀರಿ, ಇಲ್ಲವೇ ಗೋಡೆಗೆ ಹೋಗಿದ್ದೀರಿ. ಟೇಪ್ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಕೆಲವು ಹೆಡ್ಡುಗಳಲ್ಲಿ ಸ್ಟಡ್ ತೂತಿನ ಹಿಂದೆಯೇ ನೀರಿನ ದಾರಿ ಇರುತ್ತದೆ, ಆಳ ಮೀರುವಂತಿಲ್ಲ.

3 ಆದ ಮೇಲೆ ಗೈಡಿನ ಕೆಲಸ ಮುಗಿಯಿತು. ಮುಂದಿನವು ಆ ತೂತನ್ನೇ ಹಿಂಬಾಲಿಸುತ್ತವೆ. 4, 5, 6. ಎಷ್ಟೋ ಸಲ 5ರಲ್ಲಿ ಸ್ಟಡ್ ತಾನೇ ತಿರುಗಿ ಬರುತ್ತದೆ. ಇದು ಬರಲಿಲ್ಲ. ಕೊನೆಯದು 6.5. ಈ ಅಂಕಿ ಸುಮ್ಮನೆ ಬಂದದ್ದಲ್ಲ. ಎಂ8 ಸ್ಟಡ್ಡಿನ ಥ್ರೆಡ್ಡಿನ ಬುಡದ ವ್ಯಾಸ 6.47, ಹೆಡ್ಡಿನ ಥ್ರೆಡ್ಡಿನ ತುದಿಗಳ ನಡುವಿನ ವ್ಯಾಸ 6.65. ಈ ಎರಡರ ನಡುವೆ 6.5 ಕೂರುತ್ತದೆ. ನಡುವಿನಲ್ಲಿ ಹೊಡೆದಿದ್ದರೆ ಸ್ಟಡ್ಡಿನ ಮೈಯೆಲ್ಲ ಹೋಗಿ ಥ್ರೆಡ್ಡಿನ ಸುರುಳಿ ಮಾತ್ರ ಒಳಗೆ ಉಳಿಯಬೇಕು. ಹಳೇ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಚೂಪಾಗಿ ಸಾಣೆ ಹಿಡಿದು ಆ ಸುರುಳಿಯ ಮೊದಲ ತುದಿಯನ್ನು ಎಬ್ಬಿಸಿ, ಮೂತಿ ಇಕ್ಕಳದಿಂದ ಹಿಡಿದು ಎಳೆದರೆ ಪೆನ್ನಿನ ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಬಂತು. ಪೂರ್ತಿ ಬರಲಿಲ್ಲ. ಎರಡು ತುಂಡಾಗಿ ಬಂತು, ತಳದ ಎರಡು ಸುತ್ತು ಅಲ್ಲೇ ಉಳಿಯಿತು. ಅದನ್ನು ಟ್ಯಾಪಿನಿಂದ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ನೂಕಲು ಹೋಗಬಾರದು, ಟ್ಯಾಪ್ ಮುರಿಯುವುದು ಅಲ್ಲೇ. ಕಡ್ಡಿಯಿಂದ ಕೆದಕಿ ಕೆದಕಿ ತೆಗೆದು, ಆಮೇಲಷ್ಟೇ ಎಂ8 ಟ್ಯಾಪ್ ಬಿಟ್ಟದ್ದು.

ಟ್ಯಾಪ್ ಮುರಿದೇ ಹೋದರೆ ಒಂದು ಹಳೇ ದಾರಿ ಇದೆ, ಗ್ರಂಧಿಗೆ ಅಂಗಡಿಯ ಪಟಿಕ. ಬಿಸಿ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಕುದಿಯುವುದಕ್ಕೆ ಸ್ವಲ್ಪ ಕೆಳಗೆ ಬಿಸಿ ಇಟ್ಟರೆ ಅದು ಸಾದಾ ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗಡಿಯಾರ ರಿಪೇರಿಯವರು ಹಿತ್ತಾಳೆ ಬಿಲ್ಲೆಯಲ್ಲಿ ಮುರಿದ ಸ್ಕ್ರೂ ತೆಗೆಯುವುದು ಹೀಗೇ. ಆದರೆ ಹೆಡ್ ಬಿಚ್ಚಿ ಮೇಜಿನ ಮೇಲೆ ಇದ್ದರೆ ಮಾತ್ರ ಸಾಧ್ಯ, 8 ಮಿ.ಮೀ. ತುಂಡಿಗೆ ದಿನಗಟ್ಟಲೆ ಬೇಕು.

ತೊಳೆದು ನೋಡಿದಾಗ ನಮ್ಮ ತೂತು 0.3 ಮಿ.ಮೀ.ನಷ್ಟು ಒಂದು ಕಡೆಗೆ ವಾಲಿತ್ತು. ಆ ಬದಿಯಲ್ಲಿ ಥ್ರೆಡ್ಡಿನ ಎತ್ತರದ ಮೂರನೇ ಒಂದು ಭಾಗ ಕತ್ತರಿಸಿ ಹೋಗಿದೆ. ಕವರಿನ ಬೋಲ್ಟ್ ಆಗಿದ್ದರೆ ಹಾಗೇ ಬಿಡಬಹುದಿತ್ತು. ಎಕ್ಸಾಸ್ಟಿನ ತುದಿ ಸ್ಟಡ್ಡಿಗೆ ಅದು ಸಾಲದು. ಹೇಗೂ ಪಕ್ಕದ ತೂತಿಗೆ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸ್ಪ್ರಿಂಗ್) ಹಾಕಲೇಬೇಕು, ಎರಡಕ್ಕೂ ಹಾಕಿಬಿಡೋಣ ಎಂದಾಯಿತು. 0.3ರ ವಾಲನ್ನು ಮ್ಯಾನಿಫೋಲ್ಡಿನ 9 ಮಿ.ಮೀ. ತೂತು ನುಂಗಿಕೊಳ್ಳುತ್ತದೆ.

ಲೇತಿನವರು ಸಾಮಾನ್ಯವಾಗಿ ಹೇಳುವುದು ಬುಷ್ (ಒಳಗೆ ಥ್ರೆಡ್ ಇರುವ ಗಟ್ಟಿ ಕೊಳವೆ) ಹೊಡೆಯೋಣ, ಇಲ್ಲವೇ ಸ್ಟೆಪ್ ಸ್ಟಡ್ ಮಾಡೋಣ ಎಂದು. ಸ್ಟೆಪ್ ಸ್ಟಡ್ ಎಂದರೆ ಹೆಡ್ಡಿನ ಕಡೆ ಎಂ10, ನಟ್ಟಿನ ಕಡೆ ಎಂ8. ಎಂ8 ಹೆಲಿಕಾಯಿಲ್ಲಿನ ಟ್ಯಾಪ್ ಹೊರಗಡೆ 9.6 ಮಿ.ಮೀ., ಸ್ಟೆಪ್ ಸ್ಟಡ್ 10. ಹೆಡ್ಡಿನಿಂದ ಹೋಗುವ ಲೋಹ ಹೆಚ್ಚುಕಮ್ಮಿ ಒಂದೇ. ಆದರೆ ಸ್ಟೆಪ್ ಸ್ಟಡ್ ಮತ್ತೆ ಅಲ್ಯೂಮಿನಿಯಂ ಥ್ರೆಡ್ಡನ್ನೇ ನೇರವಾಗಿ ಹಿಡಿದಿರುತ್ತದೆ. ಅದು ಮತ್ತೆ ಹಿಡಿದುಕೊಂಡು ಥ್ರೆಡ್ ಕಿತ್ತು ಬಂದರೆ ಮುಂದೆ ಜಾಗವಿಲ್ಲ. ಗಟ್ಟಿ ಬುಷ್ ಪದೇ ಪದೇ ಬಿಚ್ಚುವ ಕಡೆಗೆ, ಮುಖ್ಯವಾಗಿ ಸ್ಪಾರ್ಕ್ ಪ್ಲಗ್ ತೂತಿಗೆ, ಹೆಲಿಕಾಯಿಲ್ಲಿಗಿಂತ ಮೇಲು. ಸ್ಟಡ್ಡಿಗೆ ಅಷ್ಟು ಬೇಕಿಲ್ಲ. ನಮ್ಮ ಹೆಡ್ಡಿನಲ್ಲಿ ಸ್ಟಡ್ ಕೂರುವ ಉಬ್ಬು 16 ಮಿ.ಮೀ. ದಪ್ಪ ಇತ್ತು. 9.6 ಕಳೆದರೆ ಸುತ್ತ 3.2 ಗೋಡೆ ಉಳಿಯುತ್ತದೆ, ಸಾಕು.

ತೂತಿನ ಆಳ 18 ಮಿ.ಮೀ. ಕಿಟ್ಟಿನಲ್ಲಿ 12 ಮತ್ತು 16 ಮಿ.ಮೀ. ಉದ್ದದ ಸ್ಪ್ರಿಂಗುಗಳಿದ್ದವು. ಉದ್ದ ಇದ್ದಷ್ಟೂ ಗಟ್ಟಿ ಎಂದು 16ಕ್ಕೆ ಕೈ ಹಾಕುವುದು ಸಹಜ. ಆದರೆ ಟ್ಯಾಪಿನ ಮೂತಿಯಲ್ಲಿ ಮೂರು ನಾಲ್ಕು ಥ್ರೆಡ್ ಪೂರ್ತಿ ಕೊರೆಯುವುದಿಲ್ಲ, ಅದಕ್ಕೇ 4-5 ಮಿ.ಮೀ. ಹೋಗುತ್ತದೆ. 16 ಕೂರಿಸಲು ಇನ್ನೂ ಆಳ ಕೊರೆಯಬೇಕು, ಅತ್ತ ನೀರು. 12 ಹಾಕಿದ್ದು.

8.3 ಡ್ರಿಲ್, ಕೆಲವು ಕಿಟ್ಟಿನಲ್ಲಿ 8.4 ಕೊಟ್ಟಿರುತ್ತಾರೆ; ಕಿಟ್ಟಿನಲ್ಲಿ ಬಂದದ್ದನ್ನೇ ಬಳಸುವುದು. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆಗಿಂತ ಒಳ್ಳೆಯ ಎಣ್ಣೆ ಇಲ್ಲ. ಒಣಗಿದ್ದರೆ ಲೋಹ ಡ್ರಿಲ್ಲಿನ ಅಂಚಿಗೆ ಮೆತ್ತಿಕೊಂಡು ತೂತು ದೊಡ್ಡದಾಗುತ್ತದೆ. ಟ್ಯಾಪಿನ ಉದ್ದ ಸಂದುಗಳಲ್ಲಿ ಗ್ರೀಸ್ ತುಂಬಿದರೆ ಚೂರು ಅದರಲ್ಲೇ ಅಂಟಿ ಹೊರಬರುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎರಡು ಸುತ್ತಿಗೊಮ್ಮೆ ಪೂರ್ತಿ ಹೊರಗೆ ತೆಗೆದು ಒರೆಸುವುದು. ಮೊದಲ ಎರಡು ಸುತ್ತಿನಲ್ಲಿ ಮೂಲೆಮಟ್ಟವನ್ನು ಎರಡು ದಿಕ್ಕಿನಿಂದ ಇಟ್ಟು ನೋಡಿಕೊಳ್ಳಬೇಕು, ನಾಲ್ಕನೇ ಸುತ್ತಿನ ಮೇಲೆ ನೋಡಿ ಪ್ರಯೋಜನವಿಲ್ಲ.

ಸ್ಪ್ರಿಂಗನ್ನು ಟೂಲಿಗೆ ಸಿಕ್ಕಿಸಿ, ತಳದ ಅಡ್ಡ ನಾಲಿಗೆ ಟೂಲಿನ ಸಂದಿಗೆ ಕೂತಿದೆಯೇ ನೋಡಿ, ತಿರುಗಿಸುವುದಷ್ಟೇ ಕೆಲಸ. ಒತ್ತಬಾರದು. ಎರಡನೇ ತೂತಿನಲ್ಲಿ ಆದದ್ದು ಅದೇ. ಕೈ ಭಾರ ಬಿದ್ದು ಸ್ಪ್ರಿಂಗಿನ ಒಂದು ಸುತ್ತು ಪಕ್ಕದ ಥ್ರೆಡ್ಡಿಗೆ ಹಾರಿತು. ಹೊರಗಿನಿಂದ ಏನೂ ಗೊತ್ತಾಗಲಿಲ್ಲ, ಬೋಲ್ಟ್ ಹಾಕಿ ನೋಡಿದಾಗ ಮೂರನೇ ಸುತ್ತಿಗೆ ನಿಂತಿತು. ಮೂರು ಮೂಲೆಯ ಸ್ಕ್ರೇಪರನ್ನು ಮೇಲಿನ ಸುತ್ತಿಗೆ ಕಚ್ಚಿಸಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಬಂದದ್ದು ಕಸದ ಡಬ್ಬಿಗೆ, ಒಮ್ಮೆ ತೆಗೆದ ಸ್ಪ್ರಿಂಗ್ ಮತ್ತೆ ಹಿಡಿಯುವುದಿಲ್ಲ. ಹೊಸದನ್ನು ಹಾಕಿ, ಹೆಡ್ಡಿನ ಮುಖಕ್ಕಿಂತ ಅರ್ಧ ಸುತ್ತು ಕೆಳಗೆ ನಿಲ್ಲಿಸಿದೆವು. ಮುಖಕ್ಕೆ ಸಮವಾಗಿ ಬಿಟ್ಟರೆ ಪ್ಯಾಕಿಂಗಿಗೆ ತಾಗುತ್ತದೆ.

ನಾಲಿಗೆ ಮುರಿಯಲು ಸಪಾಟು ಮೂತಿಯ ಪಂಚ್ ಇಟ್ಟು ಒಂದೇ ಪೆಟ್ಟು. ಬಿದ್ದ ಚೂರನ್ನು ಮ್ಯಾಗ್ನೆಟ್ ಎತ್ತುತ್ತದೆಂದು ನಂಬಬೇಡಿ, ಸ್ಟೀಲ್ ಸ್ಟೇನ್‌ಲೆಸ್. ಊದಿನಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಎತ್ತಬೇಕು. ಎರಡು ತೂತಿಗೆ ಎರಡು ನಾಲಿಗೆ, ಜೊತೆಗೆ ಕಿತ್ತೆಸೆದದ್ದರದು ಅದರಲ್ಲೇ ಇದೆಯೇ ಎಂದು ಲೆಕ್ಕ ಹಾಕಿಕೊಂಡದ್ದು. ಥ್ರೆಡ್ ಅಂಟು ಹಾಕಲಿಲ್ಲ. ಸಾದಾ ಅಂಟುಗಳು ಎಕ್ಸಾಸ್ಟಿನ ಬಿಸಿಗೆ ಉಳಿಯುವುದಿಲ್ಲ, ಸ್ಪ್ರಿಂಗಿಗೆ ಅದು ಬೇಕಾಗಿಯೂ ಇಲ್ಲ. ಬಿಡಿಯಾಗಿದ್ದಾಗ ಅದರ ವ್ಯಾಸ ತೂತಿಗಿಂತ ದೊಡ್ಡದು, ಒಳಗೆ ಹೋದ ಮೇಲೆ ಹಿಗ್ಗಿ ತಾನೇ ಹಿಡಿದುಕೊಳ್ಳುತ್ತದೆ.

ಈಗ ಅಲುಗಾಟದ ವಿಷಯ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜು ತೂರಿಸಿದರೆ ಮೂರನೇ ಪೋರ್ಟಿನ ತುದಿಯಲ್ಲಿ 0.25 ಒಳಗೆ ಹೋಯಿತು. ಸರ್ವೀಸ್ ಕೈಪಿಡಿಗಳು ಸಾಮಾನ್ಯವಾಗಿ ಬಿಡುವುದು 0.1ರವರೆಗೆ. ಬಾಗಿದ ಮ್ಯಾನಿಫೋಲ್ಡನ್ನು ಹಾಗೇ ಬಿಗಿದರೆ ಹೊಸ ಸ್ಟಡ್ ಮೊದಲ ದಿನದಿಂದಲೇ ಅದನ್ನು ಎಳೆದು ಹಿಡಿಯುವ ಕೂಲಿ ಮಾಡುತ್ತದೆ. ಕಾದಾಗ ಉದ್ದವಾಗಿ ಜಾರುವುದು ಕೂಡ ತುದಿಯಲ್ಲೇ ಹೆಚ್ಚು. ತುದಿ ಸ್ಟಡ್ಡುಗಳೇ ಮೊದಲು ಮುರಿಯುವುದು ಇದಕ್ಕೆ. ಗಾಡಿಯ ಕೆಳಗೆ ನೋಡಿದರೆ ಸೈಲೆನ್ಸರ್ ಪೈಪನ್ನು ಎಂಜಿನ್ನಿಗೆ ಕಟ್ಟುವ ಬ್ರಾಕೆಟ್ ಇಲ್ಲ, ಅದರ ಬೋಲ್ಟಿನ ತೂತುಗಳು ಮಾತ್ರ ಖಾಲಿ ಇವೆ. ಅಷ್ಟುದ್ದದ ಪೈಪಿನ ಭಾರ, ಪ್ರತಿ ಹಂಪಿನ ಕುಲುಕು ಎಲ್ಲವೂ ಮ್ಯಾನಿಫೋಲ್ಡಿನ ಸ್ಟಡ್ಡುಗಳ ಮೇಲೆ. ಮ್ಯಾನಿಫೋಲ್ಡನ್ನು ಸರ್ಫೇಸ್ ಗ್ರೈಂಡಿಂಗಿಗೆ ಕೊಟ್ಟು, ಬ್ರಾಕೆಟ್ಟನ್ನು ಬೆಂಗಳೂರಿನ ಜೆಸಿ ರೋಡಿನಿಂದ ತರಿಸಿ ಹಾಕಿದ್ದು.

ಸ್ಟಡ್ಡುಗಳು ಎಲ್ಲವೂ ಹೊಸವು, 8.8 ಗ್ರೇಡ್. ಹೆಡ್ಡಿಗೆ ಹೋಗುವ ತುದಿಗೆ ನಿಕಲ್ ಬೆರೆತ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ತೆಳ್ಳಗೆ ಸವರಿ, ಎರಡು ನಟ್ಟು ಒಂದಕ್ಕೊಂದು ಬಿಗಿದು ಮೇಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ 10 ನ್ಯೂಟನ್ ಮೀಟರಿಗೆ ಕೂರಿಸಿದೆವು. ಹೊಸ ಪ್ಯಾಕಿಂಗ್, ಹೊಸ ನಟ್ಟು. ನಡುವಿನಿಂದ ಶುರುಮಾಡಿ ಹೊರಕ್ಕೆ, ಮೊದಲ ಸುತ್ತು 12, ಎರಡನೇ ಸುತ್ತು 20. ಒಣ ಥ್ರೆಡ್ಡಿಗೆ 25ರವರೆಗೂ ಬಿಗಿಯುವವರಿದ್ದಾರೆ, ಆದರೆ ಆಂಟಿಸೀಜ್ ಹಾಕಿದ ಮೇಲೆ ಅದೇ ಟಾರ್ಕಿಗೆ ಸ್ಟಡ್ ಹೆಚ್ಚು ಎಳೆದುಕೊಳ್ಳುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಅಂಕಿ ಕೊಟ್ಟಿದ್ದರೆ ಅದೇ ಸರಿ.

ಸ್ಟಾರ್ಟ್ ಮಾಡಿ ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದಾಗ ಮ್ಯಾನಿಫೋಲ್ಡಿನ ಕಡೆಯಿಂದ ಉಸಿರಿನ ಸದ್ದು ಬರಲಿಲ್ಲ. ಒಂದು ದಿನ ಓಡಿಸಿ, ರಾತ್ರಿಯಿಡೀ ಆರಲು ಬಿಟ್ಟು ಮರುದಿನ ಟಾರ್ಕ್ ರೆಂಚ್ ಹಾಕಿದರೆ ನಡುವಿನ ನಟ್ಟುಗಳು ಅಲುಗಲಿಲ್ಲ, ತುದಿಯದು ಸುತ್ತಿನ ಎಂಟನೇ ಒಂದರಷ್ಟು ತಿರುಗಿತು. ಹೊಸ ಪ್ಯಾಕಿಂಗ್ ಕೂರುವಾಗ ಅಷ್ಟು ಆಗುತ್ತದೆ. 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿದಾಗ ಅದೂ ಅಲುಗಲಿಲ್ಲ. 3 ಮಿ.ಮೀ. ತೂತಿನ ಆ ಗೈಡ್ ಬೋಲ್ಟ್ ಈಗ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟ್ಯಾಪ್ ಸೆಟ್ಟಿನ ಡಬ್ಬಿಯಲ್ಲೇ ಇದೆ, ಜೊತೆಗೆ ಎಂ6ಕ್ಕೂ ಒಂದು ಮಾಡಿಸಿ ಇಟ್ಟಿದೆ.